ಹೋದ ವರ್ಷದ ದರ ತಲೆಯಲ್ಲಿ, ಈ ವರ್ಷದ ಮಾಲು ಚೀಲದಲ್ಲಿ

ಪ್ರಶ್ನೆ: ನನ್ನಲ್ಲಿ 20 ಕ್ವಿಂಟಲ್ ಬ್ಯಾಡಗಿ ಕಡ್ಡಿ ಮೆಣಸಿನಕಾಯಿ ಇದೆ, 40 ಕಿಲೋದ 50 ಚೀಲ. ಪೇಟೆಯಲ್ಲಿ ಕ್ವಿಂಟಲ್‌ಗೆ 22,000 ರೂಪಾಯಿ ಕೇಳುತ್ತಿದ್ದಾರೆ. ಹೋದ ವರ್ಷ ಇಂಥದೇ ಮಾಲು 35,000ಕ್ಕೆ ಹೋಗಿತ್ತು. ಅಡತಿ (ದಲ್ಲಾಳಿ) ಅಂಗಡಿಯಲ್ಲಿ 3 ಲಕ್ಷ ಸಾಲ, ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿ. ಕೋಲ್ಡ್ ಸ್ಟೋರೇಜ್‌ನಲ್ಲಿ ಎಂಟು ತಿಂಗಳಿಗೆ ಬಾಡಿಗೆ, ಹಮಾಲಿ, ಸಾಗಾಟ ಸೇರಿ ಚೀಲಕ್ಕೆ 250 ಬೀಳುತ್ತದೆ. ಇಡಲೋ, ಮಾರಲೋ?
— ಒಬ್ಬ ರೈತರು, ಬ್ಯಾಡಗಿ ತಾಲ್ಲೂಕು

ಉತ್ತರ: ಮೊದಲು ಲೆಕ್ಕ. ಎಂಟು ತಿಂಗಳ ಬಡ್ಡಿ 48,000, ಸ್ಟೋರೇಜ್ ಖರ್ಚು 12,500. ಒಟ್ಟು 60,500, ಅಂದರೆ ಕ್ವಿಂಟಲ್‌ಗೆ 3,025. ದರ 25,025 ಮುಟ್ಟಿದರೂ ನಿಮಗೆ ಇವತ್ತು ಮಾರಿದಷ್ಟೇ ಸಿಕ್ಕಂತೆ. ಸ್ಟೋರೇಜ್ ಬಾಡಿಗೆಯನ್ನು ಎಲ್ಲರೂ ಎಣಿಸುತ್ತಾರೆ. ಅದರ ಸುಮಾರು ನಾಲ್ಕು ಪಟ್ಟು ತಿನ್ನುವ ಬಡ್ಡಿ ಕಣ್ಣಿಗೆ ಬೀಳುವುದಿಲ್ಲ.

35,000 ಎಂಬುದು ಈಗ ಪೇಟೆಯಲ್ಲಿಲ್ಲ, ನಿಮ್ಮ ಮನಸ್ಸಿನಲ್ಲಿದೆ. ಅದಕ್ಕಿಂತ ಕಡಿಮೆ ಬಂದರೆ ಲುಕ್ಸಾನು ಅನ್ನಿಸುತ್ತದೆ. ಲುಕ್ಸಾನನ್ನು ಒಪ್ಪಿಕೊಳ್ಳಲಾರದೆ ಮನುಷ್ಯ ಇನ್ನೂ ದೊಡ್ಡ ಜೂಜಿಗೆ ಇಳಿಯುತ್ತಾನೆ ಎಂದು ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನೆಮನ್ ಮತ್ತು ಅಮೋಸ್ ಟ್ವರ್ಸ್ಕಿ 1979ರಲ್ಲೇ ವಿವರಿಸಿದ್ದರು. 1992ರ ಅವರ ಅಂದಾಜಿನಲ್ಲಿ, ಕಳೆದುಕೊಂಡ ನೋವು ಅಷ್ಟೇ ಮೊತ್ತ ಗಳಿಸಿದ ಖುಷಿಯ ಎರಡು ಪಟ್ಟಿಗಿಂತ ತುಸು ಹೆಚ್ಚು.

ಒಂದು ಪರೀಕ್ಷೆ ಮಾಡಿ. ನಿಮ್ಮ ಕೈಯಲ್ಲಿ ಮೆಣಸಿನಕಾಯಿ ಇಲ್ಲ, 4,40,000 ರೂಪಾಯಿ ರೊಕ್ಕ ಇದೆ ಅಂದುಕೊಳ್ಳಿ. ಸಾಲ ಹಾಗೇ ಇಟ್ಟು, ಇವತ್ತೇ ಹೋಗಿ 20 ಕ್ವಿಂಟಲ್ ಖರೀದಿಸಿ ಸ್ಟೋರೇಜ್‌ನಲ್ಲಿ ಇಡುತ್ತೀರಾ? ‘ಛೇ, ಯಾರು ಮಾಡ್ತಾರ’ ಅನ್ನುವುದಾದರೆ, ಎಲ್ಲವನ್ನೂ ಇಡುವುದೆಂದರೂ ಅದೇ ಕೆಲಸ.

ನಮ್ಮ ಸಲಹೆ: 35 ಚೀಲ ಮಾರಿ. 14 ಕ್ವಿಂಟಲ್‌ಗೆ 3,08,000 ಬರುತ್ತದೆ, ಸಾಲ ಮುಗಿಯುತ್ತದೆ. ಉಳಿದ 15 ಚೀಲಕ್ಕೆ ಬಡ್ಡಿಯ ಹೊರೆ ಇಲ್ಲ, ಖರ್ಚು ಕ್ವಿಂಟಲ್‌ಗೆ 625 ಮಾತ್ರ. ಕಾಯುವ ಆಸೆ ಇದ್ದರೆ ಅಷ್ಟರಲ್ಲಿ ಕಾಯಿರಿ. ಇಡುವ ಮಾಲು ಚೆನ್ನಾಗಿ ಒಣಗಿರಲಿ. ತೇವ ಉಳಿದರೆ ಬೂಷ್ಟು ಹಿಡಿಯುತ್ತದೆ, ಬಣ್ಣ ಹೋಗುತ್ತದೆ, ಬ್ಯಾಡಗಿ ಕಾಯಿಗೆ ಬೆಲೆ ಬರುವುದೇ ಬಣ್ಣಕ್ಕೆ. ಯಾವ ದರಕ್ಕೆ, ತಡವೆಂದರೆ ಯಾವ ತಾರೀಖಿಗೆ ಮಾರುತ್ತೀರಿ ಎಂದು ಇವತ್ತೇ ಸ್ಟೋರೇಜ್ ರಸೀದಿಯ ಹಿಂದೆ ಬರೆಯಿರಿ. ತಾರೀಖು ಹೊಸ ಮಾಲು ಬರುವ ಮೊದಲಿನದಾಗಿರಲಿ.

ಪ್ರಶ್ನೆ: ದರ ಬಂದ ಮರುವರ್ಷ ಇಡೀ ಊರೇ ಅದೇ ಬೆಳೆ ಹಾಕುತ್ತದೆ, ದರ ಬೀಳುತ್ತದೆ. ಗೊತ್ತಿದ್ದೂ ಹೀಗೇಕೆ?
— ಕುಂದಗೋಳ

ಉತ್ತರ: ಬಿತ್ತುವಾಗ ಕಣ್ಣಮುಂದೆ ಇರುವುದು ಹಳೇ ದರ, ಮಾರುವಾಗ ಸಿಗುವುದು ಹೊಸ ದರ. ದರ, ಬೆಳೆ ಹೀಗೆ ಒಂದರ ಹಿಂದೊಂದು ಸುತ್ತುವುದನ್ನು ಅರ್ಥಶಾಸ್ತ್ರದಲ್ಲಿ ಜೇಡರ ಬಲೆಗೆ ಹೋಲಿಸುತ್ತಾರೆ. ಜೊತೆಗೆ ಇನ್ನೊಂದು ಲೆಕ್ಕವಿದೆ, ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ: ಎಲ್ಲರೊಂದಿಗೆ ಕೆಟ್ಟರೆ ನಗುವವರಿಲ್ಲ, ಒಬ್ಬನೇ ಬೇರೆ ಹಾಕಿ ಕೆಟ್ಟರೆ ಕಟ್ಟೆಯ ಮೇಲೆ ವರ್ಷವಿಡೀ ಅದೇ ಮಾತು. ಹಾಗೆಂದು ಪಕ್ಕದ ಹೊಲ ನೋಡಿ ಬೆಳೆ ಬಿಡುವುದೂ ಸರಿಯಲ್ಲ. ಬ್ಯಾಡಗಿ ಪೇಟೆಗೆ ಬಳ್ಳಾರಿ, ರಾಯಚೂರು, ಆಂಧ್ರದ ಮಾಲೂ ಬರುತ್ತದೆ. ದರ ನಿಮ್ಮೂರಲ್ಲಿ ತೀರ್ಮಾನವಾಗುವುದಿಲ್ಲ. ಸಸಿ ಹಚ್ಚುವ ಮೊದಲು ಸ್ಟೋರೇಜ್‌ಗಳಲ್ಲಿ ಹಳೇ ಮಾಲು ಎಷ್ಟು ಉಳಿದಿದೆ ಎಂದು ಅಡತಿಯವರನ್ನು ಕೇಳಿ.

ಪ್ರಶ್ನೆ: ಭಿಶಿಯಲ್ಲಿ (ಎಲ್ಲರೂ ತಿಂಗಳಿಗಿಷ್ಟು ಹಾಕಿ, ಒಟ್ಟು ಹಣವನ್ನು ಸರದಿಯಂತೆ ಒಬ್ಬರು ಎತ್ತುವ ಚೀಟಿ) ಬಡ್ಡಿಯಿಲ್ಲ, ಬ್ಯಾಂಕಿನ ಆರ್‌ಡಿಯಲ್ಲಿ (ತಿಂಗಳ ಕಂತಿನ ಠೇವಣಿ) ಇದೆ. ಆದರೂ ನಮ್ಮ ಓಣಿಯವರು ಭಿಶಿ ಬಿಡುವುದಿಲ್ಲ, ಯಾಕೆ?
— ಹಳೇ ಹುಬ್ಬಳ್ಳಿ

ಉತ್ತರ: ಆರ್‌ಡಿ ಕಂತು ತಪ್ಪಿದರೆ ಸಣ್ಣ ದಂಡ. ಭಿಶಿ ತಪ್ಪಿದರೆ ಎದುರುಮನೆ ವೈನಿಯ ಮುಖ ನೋಡಬೇಕು. ಆ ಮುಜುಗರವೇ ಉಳಿತಾಯ ಮಾಡಿಸುತ್ತದೆ. ಆದರೆ ಮೊದಲ ತಿಂಗಳು ಎತ್ತಿದವರಿಗೆ ಅದು ಬಡ್ಡಿಯಿಲ್ಲದ ಸಾಲ, ಕೊನೆಯವರಿಗೆ ಬಡ್ಡಿಯಿಲ್ಲದ ಠೇವಣಿ. ಹೀಗಾಗಿ ಪ್ರತಿ ಸುತ್ತಿಗೂ ಸರದಿ ತಿರುಗಿಸಿ, ಮೊದಲು ಎತ್ತಿದವರ ಸಹಿ ಒಂದು ವಹಿಯಲ್ಲಿರಲಿ.