‘ಒಂದು ವರ್ಷ ಹೋಗಿ ನೋಡೋಣ’ ಅನ್ನೋದಕ್ಕೆ ಹೂಂ ಅನ್ನೋ ಮುಂಚೆ

ಪ್ರಶ್ನೆ: ಮೇಡಂ, ನನಗೆ 37 ವರ್ಷ, ಫಿಸಿಯೋಥೆರಪಿಸ್ಟ್, ಸ್ವಂತದ್ದೊಂದು ಸಣ್ಣ ಕ್ಲಿನಿಕ್ ಇದೆ. ಹೆಂಡತಿ ಸಾಫ್ಟ್‌ವೇರ್ ಕಂಪನೀಲಿ ಇದಾಳೆ. ಮಗಳಿಗೆ ಮೂರೂವರೆ. ಹೆಂಡತಿಗೆ ಹೊರದೇಶದಿಂದ ಒಳ್ಳೇ ಆಫರ್ ಬಂದಿದೆ, ಈ ತಿಂಗಳ ಕೊನೆಯೊಳಗೆ ಉತ್ತರ ಕೊಡ್ಬೇಕು. ಮಗು ಭವಿಷ್ಯಕ್ಕೋಸ್ಕರ ಹೋಗ್ಲೇಬೇಕು ಅಂತಾಳೆ ಅವಳು. ನಾನೂ ಮಗುಗೋಸ್ಕರಾನೇ ಬೇಡ ಅಂತಿದೀನಿ, ಅಜ್ಜಿ ಕೈಯಲ್ಲಿ ಬೆಳೆದ ಮಗು ಅದು. ದಿನಾ ಇದೇ ಜಗಳ. ಈಗ ಅವಳು ‘ಒಂದು ವರ್ಷ ಹೋಗಿ ನೋಡೋಣ, ಸರಿ ಹೋಗ್ಲಿಲ್ಲಾಂದ್ರೆ ವಾಪಸ್ ಬಂದ್ಬಿಡೋಣ’ ಅಂತಿದಾಳೆ, ಅದಕ್ಕೂ ಒಪ್ಪದೇ ಇರೋದ್ರಿಂದ ಎರಡೂ ಮನೆಯವರು ನನ್ನನ್ನೇ ಹಠಮಾರಿ ಅಂತಿದಾರೆ. ಮೊನ್ನೆ ಮಗಳನ್ನ ‘ಅಜ್ಜಿನ ಬಿಟ್ಟು ಇರ್ತೀಯಾ’ ಅಂತ ಕೇಳ್ಬಿಟ್ಟೆ, ರಾತ್ರಿ ಮಲಗೋವಾಗ ಅವಳು ‘ಅಪ್ಪಾ, ನನ್ ಮಂಚ ವಿಮಾನದಲ್ಲಿ ಹಿಡಿಸುತ್ತಾ’ ಅಂದ್ಲು. ನಾನು ಬೇಡ ಅನ್ನೋದು ತಪ್ಪಾ? ಅವಳೊಬ್ಬಳೇ ಹೋಗಿ ಬರ್ಲಿ, ಮಗು ನನ್ನ ಹತ್ರಾನೇ ಇರ್ಲಿ ಅಂತ ಹೇಳ್ಬಹುದಾ? ಕ್ಲಿನಿಕ್ ವಿಷಯ ನಾನು ಅವಳ ಹತ್ರ ಎತ್ತೇ ಇಲ್ಲ, ಯಾಕೋ ಸ್ವಾರ್ಥ ಅನ್ಸುತ್ತೆ.

ಉತ್ತರ: ಬೇಡ ಅನ್ನೋದು ತಪ್ಪಲ್ಲ ರೀ. ದೇಶ ಬಿಟ್ಟು ಹೋಗೋಕೆ ಇಬ್ರೂ ಹೂಂ ಅನ್ಬೇಕು, ಇರೋ ಕಡೆ ಇರೋಕೆ ಯಾರ ಪರ್ಮಿಷನ್ನೂ ಬೇಕಾಗಿಲ್ಲ. ಆದ್ರೆ ನಿಮ್ಮ ಪತ್ರದಲ್ಲಿ ನನಗೆ ಮುಖ್ಯ ಅನ್ಸಿದ್ದು ಕೊನೇ ಸಾಲು, ಅಜ್ಜಿ, ಮಗು, ಜಗಳ ಎಲ್ಲಾ ಬರೆದು ಮುಗಿಸಿ ಹೋಗ್ತಾ ಹೋಗ್ತಾ ಕ್ಲಿನಿಕ್ ಬಗ್ಗೆ ಒಂದು ಮಾತು ಹೇಳಿದೀರಲ್ಲ, ಅದು. ಇದೇ ನಿಮ್ಮ ನಿಜವಾದ ಕಾರಣ ಅಂತ ನನ್ನ ಅನುಮಾನ, ಮತ್ತೆ ಇದನ್ನೇ ನೀವು ಹೆಂಡತಿಗೆ ಹೇಳಿಲ್ಲ. ಅವರೂ ಹಾಗೇ ಮಾಡ್ತಿರಬಹುದು, ‘ನನಗೆ ಈ ಕೆಲಸ ಬೇಕು, ಇಷ್ಟು ವರ್ಷ ದುಡಿದಿದ್ದಕ್ಕೆ ಸಿಕ್ಕಿದೆ’ ಅಂತ ಹೇಳೋ ಬದಲು ಮಗು ಭವಿಷ್ಯ ಅಂತ ಹೇಳ್ತಿರಬಹುದು. ಇಬ್ರೂ ಮಗುನ ಮುಂದೆ ನಿಲ್ಲಿಸ್ಕೊಂಡು ಮಾತಾಡಿದ್ರೆ ಈ ಜಗಳ ಮುಗಿಯೋದೇ ಇಲ್ಲ, ಯಾಕಂದ್ರೆ ಮಗು ಮೇಲೆ ಜಾಸ್ತಿ ಪ್ರೀತಿ ಯಾರಿಗೆ ಅನ್ನೋ ಥರ ಆಗ್ಬಿಡುತ್ತೆ, ಅದರಲ್ಲಿ ಯಾರು ತಾನೇ ಸೋಲೋಕೆ ಒಪ್ತಾರೆ.

ಮಗು ವಿಷಯ ಇದ್ದ ಹಾಗೇ ಹೇಳ್ಬಿಡ್ತೀನಿ. ಮೂರೂವರೆ ವರ್ಷದ ಮಗುಗೆ ಜಾಗಕ್ಕಿಂತ ಜನ ಮುಖ್ಯ. ದಿನಾ ಮಲಗಿಸೋರು, ಎಬ್ಬಿಸೋರು, ಬಿದ್ರೆ ಎತ್ಕೊಳೋರು ಅದೇ ಜನ ಆಗಿದ್ರೆ ಊರು ಬದಲಾಗಿದ್ದನ್ನ ಸ್ವಲ್ಪ ದಿನ ರಂಪ ಮಾಡಿ ಹೊಂದ್ಕೊಳುತ್ತೆ. ದೊಡ್ಡವರಾದ ಮೇಲೆ ನಮ್ಮಲ್ಲಿ ಬಹಳ ಜನಕ್ಕೆ ಮೂರು ಮೂರೂವರೆ ವರ್ಷಕ್ಕಿಂತ ಹಿಂದಿನ ನೆನಪೇ ಇರಲ್ಲ, ಹಾಗಾಗಿ ಬೇರು ಕಿತ್ತು ಹೋಗುತ್ತೆ ಅನ್ನೋ ನೋವು ಜಾಸ್ತಿ ನಿಮ್ಮದು, ಅಜ್ಜಿದು. ಅದೂ ನೋವೇ, ಆದ್ರೆ ಮಗು ಹೆಸರಲ್ಲಿ ಹೇಳ್ಬೇಡಿ. ಹಾಗೇ ನಿಮ್ಮ ಹೆಂಡತಿ ವಾದವೂ ಅಷ್ಟೇನು ಗಟ್ಟಿಯಿಲ್ಲ, ಮೂರೂವರೆಗೆ ಹೋಗ್ಲಿಲ್ಲ ಅಂದ್ರೆ ಭವಿಷ್ಯದ ಬಾಗಿಲು ಮುಚ್ಚಿಹೋಗಲ್ಲ. ಮಗುಗೆ ನಿಜವಾಗ್ಲೂ ತೊಂದ್ರೆ ಆಗೋದು ಹೋದ ಜಾಗದಲ್ಲಿ ಅಪ್ಪನೋ ಅಮ್ಮನೋ ಒಳಗೊಳಗೇ ಕುಗ್ಗಿಹೋದ್ರೆ. ಅದಕ್ಕೇ ಕ್ಲಿನಿಕ್ ವಿಷಯ ಸ್ವಾರ್ಥ ಅಲ್ಲ ಅಂತ ಹೇಳ್ತಿರೋದು.

ಈಗ ಆ ‘ಒಂದು ವರ್ಷ ಹೋಗಿ ನೋಡೋಣ’. ಎಲ್ಲರಿಗೂ ಇದು ನ್ಯಾಯವಾದ ಮಧ್ಯದ ದಾರಿ ಥರ ಕಾಣುತ್ತೆ, ಒಪ್ಪದವರು ಹಠಮಾರಿಗಳು ಅನ್ಸುತ್ತೆ. ನಾನಂತೂ ಇದನ್ನ ಮಧ್ಯದ ದಾರಿ ಅಂತ ಒಪ್ಪಲ್ಲ. ವಾಪಸ್ ಬರೋದು ಹೇಗೆ, ಯಾರು ಹೇಳಿದ್ರೆ, ಯಾವ ದುಡ್ಡಲ್ಲಿ ಅಂತ ಮೊದಲೇ ಮಾತಾಗದೇ ಇದ್ರೆ ಒಂದು ವರ್ಷ ಅಂದ್ರೂ ಹತ್ತು ವರ್ಷ ಅಂದ್ರೂ ಒಂದೇ.

ಯಾಕೆ ಅಂತ ಹೇಳ್ತೀನಿ. 1955ರಲ್ಲಿ ಹೊರಬಂದ ಒಂದು ಸ್ಟಡಿಗೋಸ್ಕರ ಸ್ವೆರ್ರೆ ಲಿಸ್ಗಾರ್ಡ್ ಅನ್ನೋ ನಾರ್ವೆಯ ಸಮಾಜಶಾಸ್ತ್ರಜ್ಞರು ಫುಲ್‌ಬ್ರೈಟ್ ಸ್ಕಾಲರ್‌ಶಿಪ್ ಮೇಲೆ ಅಮೆರಿಕಕ್ಕೆ ಹೋಗಿ ಬಂದಿದ್ದ 200 ಜನ ನಾರ್ವೆಯವರನ್ನ ಮಾತಾಡಿಸಿ ನೋಡಿದ್ರು. ಆರು ತಿಂಗಳೊಳಗೆ ಇದ್ದವರು ಆರಾಮಾಗಿದ್ರು, 18 ತಿಂಗಳು ದಾಟಿದವರೂ ಆರಾಮಾಗಿದ್ರು, ಮಧ್ಯದಲ್ಲಿ, ಅಂದ್ರೆ 6ರಿಂದ 18 ತಿಂಗಳು ಇದ್ದವರು ಕಡಿಮೆ ಹೊಂದ್ಕೊಂಡಿದ್ರು. ಆಮೇಲೆ ಬಂದ ಸ್ಟಡಿಗಳಲ್ಲಿ ಎಲ್ಲಾ ಕಡೆ ಹೀಗೆ ಮಧ್ಯದಲ್ಲಿ ತಗ್ಗಿರೋ ಗೆರೆ ಸಿಕ್ಕಿಲ್ಲ, ಕೆಲವರಿಗೆ ಮೊದಲ ತಿಂಗಳೇ ನರಕ ಆಗಿರುತ್ತೆ, ಸೋ ಇದನ್ನ ಜಾತಕ ಅಂದ್ಕೋಬೇಡಿ. ಆದ್ರೂ ಯೋಚ್ನೆ ಮಾಡಿ, ನೀವು ಲೆಕ್ಕ ನೋಡೋಕೆ ಅಂತ ಇಟ್ಕೊಂಡಿರೋ ದಿನ ಸರಿಯಾಗಿ ಆ ತಗ್ಗಿನ ಮಧ್ಯಕ್ಕೇ ಬಂದು ನಿಲ್ಲುತ್ತೆ. ಆಗ ನೀವು ‘ನೋಡಿದ್ಯಾ, ಸರಿ ಹೋಗಲ್ಲ ಅಂದಿದ್ದೆ’ ಅಂತೀರಿ, ಅವರು ‘ಇನ್ನೂ ಆರು ತಿಂಗಳು ಕೊಡು’ ಅಂತಾರೆ, ಇಬ್ರ ಮಾತೂ ಅವರವರ ಮಟ್ಟಿಗೆ ಸರಿಯಾಗೇ ಇರುತ್ತೆ.

ಮಗುದೂ ಅದೇ ಕಥೆ. ಹೊಸ ಭಾಷೆ ನಡುವೆ ಬಿಟ್ಟಾಗ ಚಿಕ್ಕ ಮಕ್ಕಳು ಎಷ್ಟೋ ಸಲ ವಾರಗಟ್ಲೆ, ಕೆಲವು ಮಕ್ಕಳು ತಿಂಗಳುಗಟ್ಲೆ ಹೊರಗೆ ಬಾಯೇ ಬಿಡಲ್ಲ, ಪ್ಲೇಸ್ಕೂಲಲ್ಲಿ ಮೂಲೇಲಿ ಕೂತು ಬರೀ ನೋಡ್ತಿರ್ತಾರೆ, ಮನೆಗೆ ಬಂದು ಶೂ ಬಿಚ್ಚೋ ಮುಂಚೆ ಅಷ್ಟೂ ಮಾತನ್ನ ಒಂದೇ ಉಸಿರಲ್ಲಿ ಮನೆ ಭಾಷೇಲಿ ಆಡಿ ಮುಗಿಸ್ತಾರೆ. ಅದು ಕಾಯಿಲೆ ಅಲ್ಲ, ಆ ಹೊತ್ತಲ್ಲಿ ಭಾಷೆ ಒಳಗೆ ಇಳೀತಾ ಇರುತ್ತೆ. ಎರಡು ಭಾಷೆ ಕಿವಿಗೆ ಬಿದ್ರೆ ಮಾತು ತಡ ಆಗುತ್ತೆ ಅನ್ನೋದೂ ಸುಳ್ಳು. ಆದ್ರೆ ಅಂಥ ಟೈಮಲ್ಲಿ ನೀವು ಮಗುನ ನೋಡಿ ತೀರ್ಮಾನ ಮಾಡೋಕೆ ಹೊರಟ್ರೆ ತಪ್ಪು ತೀರ್ಮಾನಾನೇ ಮಾಡ್ತೀರಿ. ಇನ್ನೊಂದು ಕಡೆ, ವರ್ಷ ಆಗೋಷ್ಟ್ರಲ್ಲಿ ಮಗಳು ಅಲ್ಲಿನ ಭಾಷೇಲಿ ಗೊಂಬೆ ಹತ್ರ ಮಾತಾಡೋಕೆ ಶುರು ಮಾಡಿರ್ತಾಳೆ, ಫ್ರೆಂಡ್ಸ್ ಆಗಿರ್ತಾರೆ, ‘ಈಗ ಮತ್ತೆ ಕಿತ್ಕೊಂಡು ಹೋಗ್ಬೇಕಾ’ ಅಂತ ಅದೇ ಮಗು ಉಳಿಯೋಕೆ ಕಾರಣ ಆಗುತ್ತೆ.

ಕಾನೂನಿನ ಮಾತೂ ಒಂದಿದೆ, ಇದನ್ನ ಪ್ರೀತಿಯಿಂದ ಇರೋ ಗಂಡ ಹೆಂಡತಿ ಯೋಚ್ನೆ ಮಾಡೋದೇ ಇಲ್ಲ. ಅಪ್ಪ ಅಮ್ಮಂದಿರಲ್ಲಿ ಒಬ್ರು ಇನ್ನೊಬ್ರ ಒಪ್ಪಿಗೆ ಇಲ್ದೆ ಮಗುನ ಬೇರೆ ದೇಶಕ್ಕೆ ಕರ್ಕೊಂಡು ಹೋಗೋದರ ಬಗ್ಗೆ 1980ರ ಹೇಗ್ ಒಪ್ಪಂದ ಅಂತ ಇದೆ, ನೂರಕ್ಕೂ ಹೆಚ್ಚು ದೇಶಗಳು ಅದರಲ್ಲಿವೆ, 16 ವರ್ಷದೊಳಗಿನ ಮಕ್ಕಳಿಗೆ ಅನ್ವಯ ಆಗುತ್ತೆ. ಅದು ನೋಡೋದು ಮಗುವಿನ ಪಾಸ್‌ಪೋರ್ಟ್ ಯಾವ ದೇಶದ್ದು ಅಂತಲ್ಲ, ಮಗು ರೂಢಿಯಾಗಿ ಎಲ್ಲಿ ವಾಸ ಮಾಡ್ತಿದೆ ಅಂತ. ಎರಡೂ ದೇಶ ಆ ಒಪ್ಪಂದದೊಳಗೆ ಇದ್ರೆ ಮಾತ್ರ ಅದು ನಡೆಯುತ್ತೆ, ಇಲ್ಲಾಂದ್ರೂ ಅಲ್ಲಿನ ಕೋರ್ಟು, ಅಲ್ಲಿನ ಕಾನೂನು ಇದ್ದೇ ಇರುತ್ತೆ. ಅಂದ್ರೆ ವರ್ಷ ಆದ್ಮೇಲೆ ನಿಮ್ಮಿಬ್ರಿಗೆ ಸರಿ ಹೋಗ್ಲಿಲ್ಲ, ನೀವು ಮಗಳನ್ನ ಕರ್ಕೊಂಡು ಸುಮ್ನೆ ವಿಮಾನ ಹತ್ತಿದ್ರಿ ಅಂದ್ರೆ ‘ಮನೆಗೆ ವಾಪಸ್ ಬಂದೆ’ ಅಂತ ನೀವು ಅಂದ್ಕೊಂಡಿದ್ದು ಕಾನೂನಿನ ಕಣ್ಣಲ್ಲಿ ಮಗುನ ಎತ್ಕೊಂಡು ಹೋದ ಹಾಗೆ ಆಗಬಹುದು. ‘ಬರೀ ಟ್ರಯಲ್ ಅಂತ ತಾನೇ ಬಂದಿದ್ದು’ ಅಂತ ಬರೆದಿಟ್ಕೊಂಡಿರೋದು ನಿಮ್ಮ ಪರ ಒಂದು ಸಾಕ್ಷಿ ಆಗುತ್ತೆ, ಅದೊಂದರ ಮೇಲೇ ಕೇಸ್ ನಿಲ್ಲಲ್ಲ. 2020ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಕೂಡ, ಮಗು ರೂಢಿಯಾಗಿ ಎಲ್ಲಿ ವಾಸ ಮಾಡ್ತಿದೆ ಅನ್ನೋದನ್ನ ಎಲ್ಲಾ ಸಂದರ್ಭ ಒಟ್ಟಿಗಿಟ್ಟು ನೋಡ್ಬೇಕು, ಅಪ್ಪ ಅಮ್ಮನ ಒಪ್ಪಂದವೇ ಇರ್ಬೇಕು ಅಂತೇನಿಲ್ಲ ಅಂತ ಹೇಳಿದೆ. ನಿಮ್ಮಿಬ್ರ ಮಧ್ಯೆ ಹಾಗಾಗುತ್ತೆ ಅಂತ ನಾನು ಹೇಳ್ತಿಲ್ಲಪ್ಪ, ಹೆದರಿಸೋಕೂ ಬರೆದಿದ್ದಲ್ಲ. ಹೋಗೋಕೆ ಮುಂಚೆ ಎರಡೂ ದೇಶದ ಕಾನೂನು ಗೊತ್ತಿರೋ ಫ್ಯಾಮಿಲಿ ಲಾಯರ್ ಹತ್ರ ಇಬ್ರೂ ಒಟ್ಟಿಗೆ ಹೋಗಿ ಒಂದು ಗಂಟೆ ಕೂತ್ಕೊಳಿ, ಒಬ್ಬರೇ ಹೋದ್ರೆ ಅದೇ ಇನ್ನೊಂದು ಜಗಳ.

ಇನ್ನು ನಿಮ್ಮ ಕೆಲಸ. ಯಾವ ದೇಶ ಅಂತ ನೀವು ಬರೆದಿಲ್ಲ, ಆದ್ರೆ ಉತ್ತರ ನಿಂತಿರೋದೇ ಅದರ ಮೇಲೆ. ಅಮೆರಿಕಕ್ಕೆ ಅವರು ಎಚ್-1ಬಿ ಅನ್ನೋ ಕೆಲಸದ ವೀಸಾ ಮೇಲೆ ಹೋದ್ರೆ ನಿಮ್ಮದು ಎಚ್-4, ಅಂದ್ರೆ ಸಂಗಾತಿ ವೀಸಾ, ಅದರಲ್ಲಿ ದುಡಿಯೋಕೆ ಅವಕಾಶ ಬಂದಿದ್ದೇ 2015ರಲ್ಲಿ, ಅದೂ ಅವರ ಗ್ರೀನ್ ಕಾರ್ಡ್ ಕೆಲಸ ಒಂದು ಹಂತ ದಾಟಿದ್ಮೇಲೆ ಮಾತ್ರ. ಅದೇ ಅಮೆರಿಕಕ್ಕೆ ಕಂಪನಿ ಒಳಗಿನ ಟ್ರಾನ್ಸ್‌ಫರ್ ಅಂತ ಎಲ್-1 ಮೇಲೆ ಹೋದ್ರೆ ನಿಮಗೆ ಎಲ್-2, ಅದರಲ್ಲಿ ಕೆಲಸ ಮಾಡಬಹುದು. ಬ್ರಿಟನ್ನಿನ ಸ್ಕಿಲ್ಡ್ ವರ್ಕರ್ ವೀಸಾದವರ ಸಂಗಾತಿಗೂ ಹೆಚ್ಚುಕಡಿಮೆ ಯಾವ ಕೆಲಸಕ್ಕೂ ಅಡ್ಡಿ ಇಲ್ಲ. ಆದ್ರೆ ವೀಸಾ ಹೂಂ ಅಂದ್ರೂ ನಿಮ್ಮ ವೃತ್ತಿ ಹೂಂ ಅನ್ಬೇಕಲ್ಲ, ಫಿಸಿಯೋಥೆರಪಿ ಬಹಳ ದೇಶಗಳಲ್ಲಿ ಲೈಸೆನ್ಸ್ ಇಲ್ದೆ ಮಾಡೋ ಹಾಗಿಲ್ಲ. ಬ್ರಿಟನ್ನಲ್ಲಿ ಹೆಲ್ತ್ ಅಂಡ್ ಕೇರ್ ಪ್ರೊಫೆಷನ್ಸ್ ಕೌನ್ಸಿಲ್ಲಲ್ಲಿ ರಿಜಿಸ್ಟರ್ ಆಗ್ಬೇಕು, ಅಮೆರಿಕದಲ್ಲಿ ಒಂದೊಂದು ರಾಜ್ಯಕ್ಕೂ ಅದರದೇ ಲೈಸೆನ್ಸ್, ಜೊತೆಗೆ ನ್ಯಾಷನಲ್ ಎಕ್ಸಾಮು. ನಿಮ್ಮ ಡಿಗ್ರಿ ಪರಿಶೀಲನೆ, ಪರೀಕ್ಷೆ, ಕಾಯೋದು ಅಂತ ಎಷ್ಟು ತಿಂಗಳು ಹಿಡಿಯುತ್ತೆ ಅಂತ ಲೆಕ್ಕ ಹಾಕಿ, ‘ಒಂದು ವರ್ಷ’ ಅನ್ನೋದ್ರಲ್ಲಿ ಬಹುಪಾಲು ನೀವು ಅರ್ಜಿ ಹಿಡ್ಕೊಂಡೇ ಇರ್ತೀರಿ. ಆ ಹೊತ್ತಲ್ಲಿ ಮನೇಲಿ ಮಗು ಜೊತೆ ಇರೋರು ನೀವು. ಅದು ಕೀಳು ಕೆಲಸ ಅಲ್ಲ, ನಿಮ್ಮ ಹೆಂಡತಿ ಜಾಗದಲ್ಲಿ ನೀವಿದ್ದು ನಿಮಗೆ ಆಫರ್ ಬಂದಿದ್ರೆ ಅವರಿಂದ ಇದನ್ನೇ ನಿರೀಕ್ಷೆ ಮಾಡ್ತಿದ್ರಿ, ಎರಡೂ ಮನೆಯವರೂ ಅದನ್ನ ಒಂದು ಪ್ರಶ್ನೆ ಅಂತಾನೇ ನೋಡ್ತಿರ್ಲಿಲ್ಲ. ಇದನ್ನ ಒಂದು ಸಲ ಮನಸ್ಸಲ್ಲೇ ಕೇಳ್ಕೊಳಿ. ಹಾಗಂತ ಸುಮ್ನೆ ಒಪ್ಕೊಳಿ ಅಂತಲ್ಲ, ಯಾರು ಯಾರ ಹಿಂದೆ ಹೋದ್ರೂ ಹಿಂದೆ ಹೋಗೋರಿಗೆ ಒಂದು ಬೆಲೆ ತೆರಬೇಕಾಗುತ್ತೆ, ಅದನ್ನ ಇಬ್ರೂ ಸೇರಿ ತೆರಬೇಕು.

ಇವತ್ತಿಂದ ಮಾಡಬೇಕಾಗಿರೋದು ಇಷ್ಟು. ಆಫರ್ ಕೊಟ್ಟವರ ಎಚ್‌ಆರ್‌ಗೆ ನಿಮ್ಮ ಹೆಂಡತಿ ಕೈಲಿ ಒಂದು ಮೇಲ್ ಹಾಕ್ಸಿ, ಯಾವ ವೀಸಾ, ಗಂಡನಿಗೆ ಕೆಲಸ ಮಾಡೋಕೆ ಅವಕಾಶ ಇದ್ಯಾ, ಕೆಲಸ ಮಧ್ಯದಲ್ಲೇ ಹೋದ್ರೆ ಮನೆಯವರೆಲ್ಲರ ವಾಪಸ್ ಟಿಕೆಟ್ ಯಾರದ್ದು, ಸೇರೋ ದಿನ ಎರಡು ಮೂರು ತಿಂಗಳು ಮುಂದೆ ಹಾಕ್ಬಹುದಾ ಅಂತ. ಕೊನೇದು ಕೇಳೋಕೆ ಜನ ಸುಮ್ನೆ ಹೆದರ್ತಾರೆ, ಕೇಳಿದ ಮಾತ್ರಕ್ಕೆ ಯಾರೂ ಆಫರ್ ಕಿತ್ಕೊಳಲ್ಲ, ಕಿತ್ಕೊಂಡ್ರೆ ಅಂಥವರ ವೀಸಾ ನಂಬ್ಕೊಂಡು ಸಂಸಾರ ಸಮೇತ ಹೋಗದೇ ಇದ್ದಿದ್ದೇ ಒಳ್ಳೇದಾಯ್ತು. ಕೆಲಸ ಹೋಗೋ ವಿಷಯ ಯಾಕೆ ಅಂದ್ರೆ, ಎಚ್-1ಬಿಯವರಿಗೆ ಕೆಲಸ ಹೋದ್ಮೇಲೆ ಅಲ್ಲಿರೋಕೆ ಸಾಮಾನ್ಯವಾಗಿ ಸಿಗೋದು ಹೆಚ್ಚು ಅಂದ್ರೆ 60 ದಿನ, ಅಷ್ಟರಲ್ಲಿ ಬೇರೆ ದಾರಿ ಸಿಗದಿದ್ರೆ ಸಂಸಾರ ಸಮೇತ ಹೊರಡ್ಬೇಕು.

ಆಮೇಲೆ ಇಬ್ರೂ ಕೂತು ಒಂದು ಹಾಳೆ ಬರೀರಿ. ಲೆಕ್ಕ ನೋಡೋದು 12ನೇ ತಿಂಗಳಲ್ಲಿ ಬೇಡ, ಎರಡು ವರ್ಷಕ್ಕೆ ಹಾಕಿ, ಮಧ್ಯದಲ್ಲಿ ತುರ್ತು ಇದ್ರೆ ಒಂದು ಬಾಗಿಲು ಇರ್ಲಿ. ವಾಪಸ್ ಹೋಗೋಣ ಅಂತ ಒಬ್ರು ಹೇಳಿದ್ರೆ ಸಾಕಾ ಇಬ್ರೂ ಹೇಳ್ಬೇಕಾ ಅನ್ನೋದನ್ನ ಹೋಗೋ ಮುಂಚೇನೇ ಬರೀರಿ, ನಾನು ಹೇಳೋದಾದ್ರೆ ಇಷ್ಟ ಇಲ್ದೆ ಬಂದವರು ಒಬ್ರು ಹೇಳಿದ್ರೆ ಸಾಕು, ಕಾರಣ ಸಾಬೀತು ಮಾಡೋ ಕಷ್ಟ ಅವರ ತಲೆ ಮೇಲೆ ಇರ್ಬಾರದು. ವಾಪಸ್ ಬರೋ ಖರ್ಚು, ಬಂದ್ಮೇಲೆ ಆರು ತಿಂಗಳ ಮನೆಖರ್ಚು ಬೇರೆ ಅಕೌಂಟಲ್ಲಿ, ನಿಮ್ಮಿಬ್ರ ಹೆಸರಲ್ಲಿ. ಕ್ಲಿನಿಕ್ ಮುಚ್ಚಬೇಡಿ, ನಂಬಿಕಸ್ಥ ಜೂನಿಯರ್ ಸಿಕ್ರೆ ಎರಡು ವರ್ಷಕ್ಕೆ ಒಪ್ಪಿಸಿ. ನಿಮ್ಮ ಲೈಸೆನ್ಸ್ ಪರೀಕ್ಷೆ ಫೀಸೂ, ಓದೋಕೆ ಬೇಕಾದ ಟೈಮೂ ಮನೆ ಖರ್ಚಿನ ಲೆಕ್ಕದಲ್ಲೇ ಬರ್ಲಿ. ಈ ಹಾಳೆಗೆ ನಿಮ್ಮ ಹೆಂಡತಿ ಖುಷಿಯಿಂದ ಸೈನ್ ಮಾಡಿದ್ರೆ ನನ್ನ ಸಲಹೆ ಹೋಗಿ ಬನ್ನಿ ಅಂತಾನೇ. ‘ಅಷ್ಟೆಲ್ಲಾ ಬರೆಯೋದು ಯಾಕೆ, ನನ್ ಮೇಲೆ ನಂಬಿಕೆ ಇಲ್ವಾ’ ಅಂದ್ರೆ ಈ ಸಲ ಆಫರ್ ಬಿಟ್ಬಿಡಿ, ಯಾಕಂದ್ರೆ ಆಗ ಅವರ ಮನಸ್ಸಲ್ಲಿ ಒಂದು ವರ್ಷ ಅನ್ನೋದು ನಿಮ್ಮನ್ನ ಹೊರಡಿಸೋಕೆ ಹೇಳಿದ ಮಾತು ಅಷ್ಟೇ.

ಅವರೊಬ್ರೇ ಹೋಗ್ಲಿ, ಮಗು ನಿಮ್ಮ ಹತ್ರ ಇರ್ಲಿ ಅನ್ನೋದು: ಮೂರು ನಾಲ್ಕು ತಿಂಗಳಿಗೆ, ಅವರು ಮೊದ್ಲು ಹೋಗಿ ಮನೆ, ಪ್ಲೇಸ್ಕೂಲ್ ನೋಡ್ಕೊಳೋವರೆಗೆ ಅಂದ್ರೆ ಚೆನ್ನಾಗಿದೆ, ಬಹಳ ಜನ ಹಾಗೇ ಮಾಡ್ತಾರೆ. ಅವಧಿ ಹೇಳದೇ ‘ನೀನು ಹೋಗು, ಮಗುನ ಕೊಡಲ್ಲ’ ಅನ್ನೋ ಥರ ಹೇಳಿದ್ರೆ ಅದು ಸಲಹೆ ಆಗಿರಲ್ಲ, ಶಿಕ್ಷೆ ಆಗಿರುತ್ತೆ, ಅವರೂ ಹಾಗೇ ತಗೋತಾರೆ. ಅಜ್ಜಿ ವಿಷಯ ನೀವು ಜಾಸ್ತಿ ಬರೆದಿಲ್ಲ, ಅವರನ್ನ ನೋಡ್ಕೊಳೋಕೆ ಬೇರೆ ಯಾರೂ ಇಲ್ಲದಿದ್ರೆ ಮಾತ್ರ ಮೇಲೆ ಹೇಳಿದ್ದೆಲ್ಲಾ ಬದಲಾಗುತ್ತೆ, ಇನ್ನೊಂದು ಪತ್ರ ಬರೀರಿ.

ಕೊನೇದಾಗಿ ಮಗಳು. ‘ಅಜ್ಜಿನ ಬಿಟ್ಟು ಇರ್ತೀಯಾ’ ಅಂತ ಇನ್ನೊಂದ್ಸಲ ಕೇಳ್ಬೇಡಿ, ನಿಮ್ಮ ಹೆಂಡತಿನೂ ‘ವಿಮಾನದಲ್ಲಿ ಹೋಗೋಣ್ವಾ’ ಅಂತ ಕೇಳೋದು ಬೇಡ. ಅಷ್ಟು ಚಿಕ್ಕ ಮಗುಗೆ ಮುಂದಿನ ತಿಂಗಳು ಅನ್ನೋದೇ ಗೊತ್ತಾಗಲ್ಲ, ನೀವು ಕೇಳಿದ ತಕ್ಷಣ ನಾಳೆ ಬೆಳಿಗ್ಗೇನೇ ಹೊರಡ್ತೀವಿ ಅಂದ್ಕೊಳುತ್ತೆ. ತೀರ್ಮಾನ ಆಗೋವರೆಗೂ ಅವಳೇ ಕೇಳಿದ್ರೆ ‘ಇನ್ನೂ ಗೊತ್ತಿಲ್ಲ ಪುಟ್ಟಾ, ಗೊತ್ತಾದ ತಕ್ಷಣ ಅಪ್ಪ ಅಮ್ಮ ಇಬ್ರೂ ಹೇಳ್ತೀವಿ, ಎಲ್ಲೇ ಇದ್ರೂ ನಾವಿಬ್ರೂ ನಿನ್ ಅಪ್ಪ ಅಮ್ಮಾನೇ’ ಅಂತ ಹೇಳಿ. ಹೋಗೋದು ಪಕ್ಕಾ ಆದ್ರೆ ಟಿಕೆಟ್ ಆದ್ಮೇಲೆ, ಹೊರಡೋಕೆ ಎರಡು ಮೂರು ವಾರ ಮುಂಚೆ ಹೇಳಿದ್ರೆ ಸಾಕು, ಮಂಚ ಬರಲ್ಲ ಅಂತಾನೂ ಆಗ್ಲೇ ಹೇಳಿ, ದಿಂಬು, ಹೊದಿಕೆ, ತಬ್ಕೊಂಡು ಮಲಗೋ ಗೊಂಬೆ ಏನಿದ್ಯೋ ಅದನ್ನ ಚೆಕ್-ಇನ್ ಸೂಟ್‌ಕೇಸಿಗೆ ಹಾಕದೇ ಕೈಚೀಲದಲ್ಲೇ ಇಟ್ಕೊಳಿ.