ಹೊರಗಿನಿಂದ ಬಂದ ಹೆಸರನ್ನು ‘ಸೆಂಡ್’ಗೆ ಕೊಡಬಹುದೇ?

ಪ್ರಶ್ನೆ: ರೂಬಿ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿತು ಒಂದು ವರ್ಷ ಆಯಿತು. ನಮ್ಮ ಆಪ್‌ನಲ್ಲಿ ಒಂದೇ ವರದಿಯನ್ನು ಪಿಡಿಎಫ್, ಸಿಎಸ್‌ವಿ ಹೀಗೆ ಬೇರೆ ಬೇರೆ ರೂಪದಲ್ಲಿ ಡೌನ್‌ಲೋಡ್ ಮಾಡಬಹುದು. ಯಾವುದು ಬಂದರೆ ಯಾವ ಮೆಥಡ್ ಅಂತ ನಾನು ಉದ್ದನೆಯ ಕೇಸ್ ಬರೆದಿದ್ದೆ. ಟೀಮಿನ ಹಿರಿಯರೊಬ್ಬರು ಅಷ್ಟನ್ನೂ ಅಳಿಸಿ, ಯುಆರ್‌ಎಲ್‌ನಲ್ಲಿ ಬಂದ ಹೆಸರನ್ನು ನೇರವಾಗಿ ‘ಸೆಂಡ್’ಗೆ (ಹೆಸರು ಕೊಟ್ಟರೆ ಆ ಹೆಸರಿನ ಮೆಥಡ್ ಕರೆಯುವಂಥದ್ದು) ಕೊಡುವ ಒಂದೇ ಸಾಲು ಹಾಕಿದರು. ಕೆಲಸ ಮಾಡುತ್ತಿದೆ, ಆದರೂ ನನಗೆ ಏನೋ ಕಸಿವಿಸಿ. ಜೊತೆಗೆ ಇನ್ನೊಂದು: ಸಿಂಬಲ್ ಅಂದರೆ ಮುಂದೆ ಕೋಲನ್ ಇರುವ ಸ್ಟ್ರಿಂಗ್ ಅಷ್ಟೇ ಅಲ್ವಾ?

ಉತ್ತರ: ಕಸಿವಿಸಿ ಆಗಲೇಬೇಕು. ಎರಡನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳುತ್ತೇನೆ, ಏಕೆಂದರೆ ಮೊದಲನೆಯದರ ಕೀಲಿ ಅಲ್ಲೇ ಇದೆ.

ಸ್ಟ್ರಿಂಗ್ ಅಂದರೆ ಪಠ್ಯ, ಸಿಂಬಲ್ ಅಂದರೆ ಹೆಸರು. ಐಆರ್‌ಬಿ (ರೂಬಿ ಸಾಲು ಟೈಪ್ ಮಾಡಿ ಅಲ್ಲೇ ಓಡಿಸಿ ನೋಡುವ ಕಿಟಕಿ) ತೆರೆದು "ಮೊತ್ತ" ಅಂತ ಎರಡು ಸಲ ಟೈಪ್ ಮಾಡಿ, ಎರಡೂ ಸಲ ಅದರ ಆಬ್ಜೆಕ್ಟ್ ಐಡಿ, ಅಂದರೆ ಗುರುತಿನ ಸಂಖ್ಯೆ ಕೇಳಿ. ಬೇರೆ ಬೇರೆ ಸಂಖ್ಯೆ ಬರುತ್ತದೆ. :ಮೊತ್ತ ಅಂತ ಕೊಟ್ಟು ಕೇಳಿ, ಎಷ್ಟು ಸಲ ಕೇಳಿದರೂ ಅದೇ ಸಂಖ್ಯೆ. (ಹೌದು, ರೂಬಿಯಲ್ಲಿ ಸಿಂಬಲ್ಲನ್ನೂ ಮೆಥಡ್ ಹೆಸರನ್ನೂ ಕನ್ನಡದಲ್ಲೇ ಬರೆಯಬಹುದು. ಸುಮ್ನೆ ಒಮ್ಮೆ ಮಾಡಿ ನೋಡಿ, ಮಜಾ ಇರುತ್ತದೆ.) ಸಿಂಬಲ್‌ನ ಕೊನೆಗೆ ಒಂದು ಅಕ್ಷರ ಅಂಟಿಸಲೂ ಆಗದು. ಹ್ಯಾಶ್‌ನಲ್ಲಿ (ಕೀ ಕೊಟ್ಟರೆ ಅದಕ್ಕೆ ಜೋಡಿಸಿಟ್ಟದ್ದನ್ನು ಕೊಡುವ ಪಟ್ಟಿ) :ಮೊತ್ತ ಒಂದು ಕೀ, "ಮೊತ್ತ" ಇನ್ನೊಂದು ಕೀ. ಜೇಸನ್ ಓದಿಕೊಂಡ ಮೇಲೆ ಸಿಂಬಲ್ ಕೊಟ್ಟು ಹುಡುಕಿದರೆ ನಿಲ್ (ಏನೂ ಇಲ್ಲ) ಬರುವುದು ಇದಕ್ಕೇ, ಅಲ್ಲಿ ಕೀಗಳೆಲ್ಲ ಸ್ಟ್ರಿಂಗ್ ಆಗಿರುತ್ತವೆ.

ರೂಬಿ ತನ್ನ ಮೆಥಡ್‌ಗಳನ್ನು ಗುರುತಿಸುವುದೂ ಇಂಥ ಹೆಸರುಗಳಿಂದಲೇ. ಯಾವುದೇ ಆಬ್ಜೆಕ್ಟಿಗೆ ‘ನಿನ್ನ ಹತ್ತಿರ ಏನೇನು ಮೆಥಡ್ ಇವೆ’ ಅಂತ ಕೇಳಿದರೆ ಅದು ಕೊಡುವುದು ಸಿಂಬಲ್‌ಗಳ ಪಟ್ಟಿ. 2013ರ ಡಿಸೆಂಬರ್‌ನಲ್ಲಿ ಬಂದ ರೂಬಿ 2.1ರಿಂದ, ಮೆಥಡ್ ಬರೆಯಲು ಬಳಸುವ ‘ಡೆಫ್’ ಕೂಡ ತಾನು ಮಾಡಿದ ಮೆಥಡ್‌ನ ಹೆಸರನ್ನು ಸಿಂಬಲ್ ಆಗಿ ಮರಳಿಸುತ್ತದೆ. ‘ಪ್ರೈವೇಟ್ ಡೆಫ್’ ಅಂತ ಒಂದೇ ಸಾಲಿನಲ್ಲಿ ಬರೆಯಲು ಆಗುವುದು ಇದರಿಂದಲೇ. ಪ್ರೋಗ್ರಾಮ್ ಓಡುತ್ತಿರುವಾಗಲೇ ತನ್ನನ್ನು ತಾನು ಕೇಳಿಕೊಳ್ಳುವುದು, ಹೆಸರು ಹಿಡಿದು ಕರೆಯುವುದು, ಹೊಸ ಮೆಥಡ್ ಹುಟ್ಟಿಸುವುದು, ಇದೆಲ್ಲ ಸೇರಿ ರಿಫ್ಲೆಕ್ಷನ್. ಅಂದರೆ ರಿಫ್ಲೆಕ್ಷನ್‌ನಲ್ಲಿ ಹೆಸರು ಕೊಟ್ಟವನದೇ ಯಜಮಾನಿಕೆ. ನಿಮ್ಮ ಆಪ್‌ನಲ್ಲಿ ಹೆಸರು ಕೊಡುತ್ತಿರುವವರು ಯಾರು? ಯುಆರ್‌ಎಲ್ ಟೈಪ್ ಮಾಡುವ ಯಾರೋ.

ಅವರು ಪಿಡಿಎಫ್ ಬದಲು ‘ಎಕ್ಸಿಟ್’ ಅಂತ ಟೈಪ್ ಮಾಡಿದರೆ? ಎಕ್ಸಿಟ್ ಎನ್ನುವುದು ಕರ್ನಲ್ ಮಾಡ್ಯೂಲ್‌ನ ಮೆಥಡ್, ಹೆಚ್ಚುಕಡಿಮೆ ಎಲ್ಲ ಆಬ್ಜೆಕ್ಟ್‌ಗಳಿಗೂ ಅದು ಸಿಗುತ್ತದೆ. ಅದು ಪ್ರೈವೇಟ್, ಅಂದರೆ ಹೊರಗಿನಿಂದ ನೇರವಾಗಿ ಕರೆಯುವಂತಿಲ್ಲ, ನಿಜ. ಆದರೆ ಸೆಂಡ್‌ಗೆ ಪ್ರೈವೇಟ್, ಪಬ್ಲಿಕ್ ಎಂಬ ಭೇದವೇ ಇಲ್ಲ. ಐಆರ್‌ಬಿಯಲ್ಲಿ 5 ಎಂಬ ಸಂಖ್ಯೆಗೇ ಸೆಂಡ್ ಮೂಲಕ ಎಕ್ಸಿಟ್ ಹೇಳಿ ನೋಡಿ: ಐಆರ್‌ಬಿಯೇ ಮುಚ್ಚಿಹೋಗುತ್ತದೆ. ಅದೇ, ಪಬ್ಲಿಕ್ ಮೆಥಡ್‌ಗಳನ್ನಷ್ಟೇ ಕರೆಯುವ ಪಬ್ಲಿಕ್_ಸೆಂಡ್ ಮೂಲಕ ಹೇಳಿದರೆ ನೋಮೆಥಡ್‌ಎರರ್ ಬರುತ್ತದೆ. ಹೆಸರಿನ ಜೊತೆ ಆರ್ಗ್ಯುಮೆಂಟ್ ಕೂಡ ಹೊರಗಿನಿಂದಲೇ ಬರುತ್ತಿದ್ದರೆ ಕಥೆ ಇನ್ನೂ ಕೆಟ್ಟದು. ‘ಸಿಸ್ಟಮ್’ ಕೂಡ ಅದೇ ಕರ್ನಲ್‌ನ ಮೆಥಡ್, ಅದು ಶೆಲ್ ಕಮಾಂಡ್ ಓಡಿಸುತ್ತದೆ.

ಹಾಗಾದರೆ ಪಬ್ಲಿಕ್_ಸೆಂಡ್ ಹಾಕಿದರೆ ಸಾಕೇ? ಸಾಲದು. ಕೊಟ್ಟ ಪಠ್ಯವನ್ನೇ ಕೋಡ್ ಆಗಿ ಓಡಿಸಬಲ್ಲ ಇನ್‌ಸ್ಟೆನ್ಸ್_ಇವಾಲ್ ಪಬ್ಲಿಕ್. ಅಷ್ಟೇಕೆ, ಸೆಂಡ್ ತಾನೇ ಪಬ್ಲಿಕ್! ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಿಲ ಬಾಗಿಲು ತೆರೆದಿಟ್ಟ ಹಾಗೆ.

ನಾನಾಗಿದ್ದರೆ ಒಂದು ಚಿಕ್ಕ ಹ್ಯಾಶ್ ಇಡುತ್ತಿದ್ದೆ:

ರೂಪಗಳು = { "ಪಿಡಿಎಫ್" => :ಪಿಡಿಎಫ್_ಮಾಡು, "ಸಿಎಸ್‌ವಿ" => :ಸಿಎಸ್‌ವಿ_ಮಾಡು }

ಬಂದ ಸ್ಟ್ರಿಂಗನ್ನು ಇದರಲ್ಲಿ ‘ಫೆಚ್’ ಮಾಡಿ, ಸಿಕ್ಕ ಸಿಂಬಲ್ಲನ್ನು ಪಬ್ಲಿಕ್_ಸೆಂಡ್‌ಗೆ ಕೊಡಿ. ಪಟ್ಟಿಯಲ್ಲಿ ಇಲ್ಲದ್ದು ಬಂದರೆ ಅಲ್ಲೇ ಕೀಎರರ್. ಹೊರಗಿನಿಂದ ಬರುವುದು ಸ್ಟ್ರಿಂಗ್ ಮಾತ್ರ, ಹೆಸರು ಮಾತ್ರ ನೀವೇ ಬರೆದಿಟ್ಟದ್ದು. ರೂಪಗಳು ಮೂರೋ ನಾಲ್ಕೋ ಇದ್ದರೆ ನಿಮ್ಮ ಹಳೆಯ ಕೇಸೇ ಚೆನ್ನಾಗಿತ್ತು ಅಂತಲೂ ಹೇಳುತ್ತೇನೆ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಇನ್ನೊಂದು ಮಾತು. ಹೆಸರಿನ ತುಂಡುಗಳನ್ನು ಅಂಟಿಸಿ ಸೆಂಡ್‌ಗೆ ಕೊಡಬೇಡಿ. ಹಿಂದೊಮ್ಮೆ ನಾನು ಹಳೆಯ ಕೋಡ್ ಸ್ವಚ್ಛ ಮಾಡುತ್ತಿದ್ದೆ. ಒಂದು ಮೆಥಡ್‌ನ ಹೆಸರನ್ನು ಇಡೀ ಪ್ರಾಜೆಕ್ಟ್‌ನಲ್ಲಿ ಹುಡುಕಿದೆ. ಡೆಫ್ ಇರುವ ಸಾಲು ಬಿಟ್ಟರೆ ಎಲ್ಲೂ ಸಿಗಲಿಲ್ಲ, ಅಳಿಸಿಬಿಟ್ಟೆ. ತಿಂಗಳ ಕೊನೆಯ ದಿನ ಮಾತ್ರ ಓಡುವ ಒಂದು ಜಾಬ್ ಆ ಹೆಸರನ್ನು ಎರಡು ತುಂಡು ಸೇರಿಸಿ ಕಟ್ಟುತ್ತಿತ್ತು. ಅವತ್ತು ರಾತ್ರಿ ಮನೆಯಲ್ಲಿ ಊಟಕ್ಕೆ ಕೂತವನು ಎದ್ದು ಲ್ಯಾಪ್‌ಟಾಪ್ ತೆರೆಯಬೇಕಾಯಿತು.

ಪ್ರಶ್ನೆ: ಬಳಕೆದಾರರು ಕೊಟ್ಟ ಪಠ್ಯಕ್ಕೆ ‘ಟು_ಸಿಮ್’ ಹಾಕಿ ಸಿಂಬಲ್ ಮಾಡಿದರೆ ಮೆಮೊರಿ ತುಂಬಿಹೋಗುತ್ತದೆ ಅಂತಾರೆ. ನಿಜವೇ?

ಉತ್ತರ: ಹಿಂದೆ ನಿಜವಾಗಿತ್ತು. 2014ರ ಡಿಸೆಂಬರ್‌ನಲ್ಲಿ ಬಂದ 2.2ರಿಂದ, ಹೀಗೆ ಹುಟ್ಟಿದ ಸಿಂಬಲ್‌ಗಳನ್ನೂ ಗಾರ್ಬೇಜ್ ಕಲೆಕ್ಟರ್ (ಬೇಡವಾದದ್ದನ್ನು ಮೆಮೊರಿಯಿಂದ ತೆಗೆಯುವ ವ್ಯವಸ್ಥೆ) ಗುಡಿಸಿಹಾಕುತ್ತದೆ. ಆದರೆ ಅದೇ ಸಿಂಬಲ್‌ನಿಂದ ಡಿಫೈನ್_ಮೆಥಡ್ ಮೂಲಕ ಹೊಸ ಮೆಥಡ್ ಹುಟ್ಟಿಸಿದರೆ ಆ ಹೆಸರು ಕೊನೆತನಕ ಉಳಿಯುತ್ತದೆ. ಎಲಿಕ್ಸರ್ ಅಥವಾ ಅರ್ಲಾಂಗ್ ಭಾಷೆ ಬಳಸುವವರು ಮಾತ್ರ ಜಾಸ್ತಿ ಎಚ್ಚರವಾಗಿರಬೇಕು. ಸಿಂಬಲ್‌ನಂಥವೇ ಆದ ಅಲ್ಲಿನ ಆಟಮ್‌ಗಳನ್ನು ಯಾರೂ ಗುಡಿಸುವುದಿಲ್ಲ. ಬೇರೆ ಮಿತಿ ಹೇಳದಿದ್ದರೆ 10,48,576 ಆಟಮ್‌ಗಳಿಗಷ್ಟೇ ಜಾಗ, ತುಂಬಿದರೆ ಇಡೀ ವರ್ಚುಯಲ್ ಮಷಿನ್ ಬಿದ್ದುಹೋಗುತ್ತದೆ.

ಪ್ರಶ್ನೆ: ಬೇರೆಯವರ ಕೋಡ್ ಓದುತ್ತಿದ್ದೇನೆ. ಒಂದು ಮೆಥಡ್ ಕೆಲಸ ಮಾಡುತ್ತದೆ, ಆದರೆ ಎಲ್ಲಿ ಬರೆದಿದ್ದಾರೆ ಅಂತ ಎಷ್ಟು ಹುಡುಕಿದರೂ ಸಿಗುತ್ತಿಲ್ಲ.

ಉತ್ತರ: ರಿಫ್ಲೆಕ್ಷನ್ ನಿಜಕ್ಕೂ ಕೈ ಹಿಡಿಯುವುದು ಇಲ್ಲಿ. ಆ ಆಬ್ಜೆಕ್ಟಿನ ಮೇಲೆ ‘ಮೆಥಡ್’ ಕರೆದು ಹೆಸರಿನ ಸಿಂಬಲ್ ಕೊಡಿ, ಬಂದದ್ದಕ್ಕೆ ಸೋರ್ಸ್_ಲೊಕೇಶನ್ ಕೇಳಿ. ಫೈಲ್, ಸಾಲಿನ ನಂಬರ್ ಎರಡೂ ಬರುತ್ತವೆ. ‘ಓನರ್’ ಕೇಳಿದರೆ ಯಾವ ಕ್ಲಾಸ್, ಯಾವ ಮಾಡ್ಯೂಲ್ ಅಂತ ತಿಳಿಯುತ್ತದೆ. ಸೋರ್ಸ್_ಲೊಕೇಶನ್ ಕೇಳಿದಾಗ ನಿಲ್ ಬಂದರೆ ಅದು ಸಾಮಾನ್ಯವಾಗಿ ಸಿ ಭಾಷೆಯಲ್ಲಿ ಬರೆದ ಮೆಥಡ್. ನೇಮ್‌ಎರರ್ ಬಂದರೆ ಅಂಥ ಮೆಥಡ್ಡೇ ಇಲ್ಲ, ಯಾರೋ ಮೆಥಡ್_ಮಿಸ್ಸಿಂಗ್ (ಇಲ್ಲದ ಮೆಥಡ್ ಕರೆದಾಗ ಓಡುವಂಥದ್ದು) ಬರೆದು, ರೆಸ್ಪಾಂಡ್_ಟು_ಮಿಸ್ಸಿಂಗ್ (ಅಂಥ ಹೆಸರಿಗೂ ಉತ್ತರ ಇದೆ ಅಂತ ತಿಳಿಸುವಂಥದ್ದು) ಬರೆಯಲು ಮರೆತಿದ್ದಾರೆ. ಆಗ ಆ ಮೆಥಡ್_ಮಿಸ್ಸಿಂಗ್‌ನದೇ ಸೋರ್ಸ್_ಲೊಕೇಶನ್ ಕೇಳಿ.