ಫ್ರೀಡೈವಿಂಗ್ (ಉಸಿರು ಬಿಗಿಹಿಡಿದು ಮುಳುಗೋದು), ಸ್ಪಿಯರ್‌ಫಿಶಿಂಗ್ (ನೀರಿನೊಳಗೆ ಈಟಿಯಿಂದ ಮೀನು ಹಿಡಿಯೋದು) ಶುರು ಮಾಡೋಕೆ ಮೊದಲು ಯಾವ ಸಾಮಾನು ಕೊಳ್ಳಬೇಕು?

ಮೊದಲು ಮಾಸ್ಕ್. ಒಳಗೆ ಗಾಳಿಯ ಜಾಗ ಕಡಿಮೆ ಇರುವುದನ್ನು ಆರಿಸಿ. ಆಗ ಆಳದಲ್ಲಿ ಮೂಗಿನಿಂದ ಗಾಳಿ ಬಿಟ್ಟು ಮಾಸ್ಕ್ ಒಳಗಿನ ಒತ್ತಡ ಸರಿಮಾಡಲು ಉಸಿರು ಜಾಸ್ತಿ ಖರ್ಚಾಗುವುದಿಲ್ಲ. ಪಟ್ಟಿ ಹಾಕದೆ ಮುಖಕ್ಕೆ ಒತ್ತಿ, ಮೂಗಿನಿಂದ ಮೆಲ್ಲಗೆ ಉಸಿರೆಳೆಯಿರಿ. ಕೈ ಬಿಟ್ಟರೂ ಬೀಳದಿದ್ದರೆ ಅದು ನಿಮ್ಮದು. ಈಜುವ ಗಾಗಲ್ ಬೇಡ, ಮೂಗು ಹೊರಗೇ ಉಳಿದರೆ ಒಳಗಿನ ಒತ್ತಡ ಸರಿಮಾಡಲು ಆಗಲ್ಲ ಅಲ್ವಾ?

ಸ್ನಾರ್ಕೆಲ್ (ಮುಖ ನೀರಿನಲ್ಲಿದ್ದಾಗ ಉಸಿರಾಡುವ ಕೊಳವೆ) ಸಾದಾ ಇದ್ದರೆ ಸಾಕು. ಫಿನ್‌ಗೆ, ಅಂದರೆ ಕಾಲಿಗೆ ಹಾಕುವ ಈಜುರೆಕ್ಕೆಗೆ, ಉದ್ದನೆಯ ಪ್ಲಾಸ್ಟಿಕ್ ಬ್ಲೇಡ್ ಸಾಕು, ಕಾರ್ಬನ್‌ಗೆ ಸುಮ್ನೆ ದುಡ್ಡು ಸುರಿಯಬೇಡಿ. ಪಾದಕ್ಕೆ ಸರಿಯಾಗಿ ಕೂರುವುದೇ ಮುಖ್ಯ.

ಮುಳುಗಲು ನೆರವಾಗುವ ತೂಕದ ಬೆಲ್ಟ್ ರಬ್ಬರಿನದಿರಲಿ, ಒಂದೇ ಕೈಯಲ್ಲಿ ಬಿಚ್ಚುವಂತಿರಲಿ. ಉಸಿರು ಬಿಟ್ಟ ಮೇಲೂ ನೀರಿನ ಮೇಲೆ ತೇಲುವಷ್ಟೇ ಸೀಸ ಹಾಕಿ. ನೀವು ಕೆಳಗಿರುವುದು ದೋಣಿಯವರಿಗೆ ಗೊತ್ತಾಗಲು ಬಾವುಟವಿರುವ ಫ್ಲೋಟ್ (ತೇಲುಬುರುಡೆ) ಬೇಕೇ ಬೇಕು.

ಗನ್ ಕೊನೆಗೆ: ರಬ್ಬರ್ ಪಟ್ಟಿಯ ಬಲದಿಂದ ಈಟಿ ಹಾರಿಸುವ, 75ರಿಂದ 90 ಸೆಂ.ಮೀ. ಗನ್. ಅದಕ್ಕೂ ಮೊದಲು ಜೊತೆಗಾರರೊಬ್ಬರನ್ನು ಹುಡುಕಿಕೊಳ್ಳಿ, ಒಬ್ಬರೇ ಮುಳುಗಬೇಡಿ.